ಮಾತು ಬೆಳ್ಳಿ, ಪಾಸ್‌ವರ್ಡ್ ಬಂಗಾರ

ಅಲ್ಲ ಸ್ವಾಮಿ, ನೀವೇ ಹೇಳಿ! ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಬೀದಿಗೆಲ್ಲ ಹಂಚುವವರನ್ನು ಏನೆನ್ನಬೇಕು? ನಾನು 'ಧರ್ಮಪತ್ನಿ' ಎನ್ನುತ್ತೇನೆ. (ಬೇರೆ ಏನಾದರೂ ಎಂದರೆ ಊಟ ನಾನೇ ಬಡಿಸಿಕೊಳ್ಳಬೇಕಾಗುತ್ತದೆ.)

ನಾನೀಗ ಬರೀ ಗುಮಾಸ್ತನಲ್ಲ, ವೈಫೈ ಭದ್ರತೆಯ ಆನ್‌ಲೈನ್ ತರಬೇತಿಯ ವಿದ್ಯಾರ್ಥಿ. ಪಾಸಾದರೆ ಆಫೀಸಿನ ನೆಟ್‌ವರ್ಕ್ ಉಸ್ತುವಾರಿ ನನಗೇ ಎಂದು ಸಾಹೇಬರು ಮಾತು ಕೊಟ್ಟಿದ್ದಾರೆ. ಇಷ್ಟು ವರ್ಷ "ಏಯ್, ಆ ಫೈಲು ತಾ" ಎನ್ನಿಸಿಕೊಂಡವನಿಗೆ ಅದೇನು ಸಣ್ಣ ಪದವಿಯೇ? ಅಂಥವನ ಮನೆಯ ಪಾಸ್‌ವರ್ಡನ್ನು ಇವಳು ಪಕ್ಕದ ಮನೆಯ ಟೈಲರಮ್ಮನಿಗೆ ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ ಕೊಟ್ಟಿದ್ದಾಳೆ! ಅದೂ ನನಗೆ ತಿಳಿದದ್ದು ಇವತ್ತು, ಪರೀಕ್ಷೆಯ ದಿನ ಬೆಳಿಗ್ಗೆ.

"ಅವತ್ತು ಅವರ ನೆಟ್ ಕೆಟ್ಟಿತ್ತು ಕಣ್ರೀ. ನಿಮ್ಮನ್ನ ಕೇಳಿದ್ರೆ ಆಗಲ್ಲ ಅಂದ್ರಂತೆ. ಅದಕ್ಕೆ ನಾನು ಕೊಟ್ಟೆ. ಈಗ ಅವರ ನೆಟ್ ಸರಿಹೋಗಿದೆ."

"ಭದ್ರತೆ ಅಂದ್ರೆ ಗೊತ್ತೇನೇ ನಿಂಗೆ? ಇವತ್ತು ಟೈಲರಮ್ಮ, ನಾಳೆ ಇಡೀ ಬೀದಿ!"

"ನಿಮ್ಮ ವೈಫೈಯಲ್ಲಿ ಅಂಥಾದ್ದೇನು ಕೊಪ್ಪರಿಗೆ ಹೊನ್ನು ಹೂತಿಟ್ಟಿದ್ದೀರಿ?"

ಮೈಯೆಲ್ಲ ಉರಿದುಹೋಯಿತು. ಆ ಕ್ಷಣವೇ ಪಾಸ್‌ವರ್ಡ್ ಬದಲಿಸಿದೆ. ಪಾಠದಲ್ಲಿ ಹೇಳಿದಂತೆ ಉದ್ದವಾಗಿ, ಎಲ್ಲೂ ಬರೆದಿಡದೆ: 'ಮಾತು ಬೆಳ್ಳಿ ಮೌನ ಬಂಗಾರ', ಇಂಗ್ಲಿಷ್ ಅಕ್ಷರಗಳಲ್ಲಿ. ಗೆದ್ದ ಖುಷಿಯಲ್ಲಿ ಊಟ ಮುಗಿಸಿ ಪರೀಕ್ಷೆಗೆ ಕೂತೆ.

ಲ್ಯಾಪ್‌ಟಾಪು ಪಾಸ್‌ವರ್ಡ್ ಕೇಳಿತು. 'ಮಾ'ಗೆ ಎ ಒಂದೋ ಎರಡೋ? 'ತು'ಗೆ ಬರೀ ಟಿ ಸಾಕೋ, ಪಕ್ಕದಲ್ಲಿ ಎಚ್ ಕೂರಿಸಿದ್ದೆನೋ? 'ಮೌ'ಗೆ ಓ ಯು-ವೋ, ಎ ಯು-ವೋ? ಬಂಗಾರವನ್ನು ಎಳೆದಿದ್ದೆನೋ, ಹಾಗೇ ಬಿಟ್ಟಿದ್ದೆನೋ? ದರಿದ್ರ ಇಂಗ್ಲಿಷಿಗೆ ಒಂದು ಕಾಗುಣಿತವಾದರೂ ಬೇಡವೇ? ಬರೆದೆ, ಅಳಿಸಿದೆ, ಬೈದೆ. ಕೋಟೆ ಕಟ್ಟಿದವನೇ ಕೋಟೆಯ ಹೊರಗೆ! ಮೊಬೈಲಿನ ಸಿಗ್ನಲ್ಲು ನಮ್ಮ ಮನೆಯಲ್ಲಿ ಮಾತಿಗೇ ಸಾಲದು. ಬೀದಿಗೆ ಹೋಗಿ ನೆಟ್ ಕಂಪನಿಗೆ ಫೋನ್ ಮಾಡಿದರೆ "ನಾಳೆ ಬರ್ತೀವಿ ಸಾರ್" ಎಂದರು.

"ಏನದು ಪಾಸ್‌ವರ್ಡ್, ಹೇಳಿ. ನಾನೂ ನೋಡ್ತೀನಿ," ಎಂದಳು ಇವಳು.

"ಹೇಳೋ ಹಾಗಿಲ್ಲ!"

"ಹಾಗಾದ್ರೆ ಉಸ್ತುವಾರಿಗೆ ಎಳ್ಳುನೀರು ಬಿಡಿ. ಇಲ್ಲಾ, ಬಾಯಿ ಮುಚ್ಚಿಕೊಂಡು ನನ್ನ ಜೊತೆ ಬನ್ನಿ."

ಹೋದೆ. ಟೈಲರಮ್ಮ ಹೊಲಿಗೆ ಮಷೀನಿನ ಮೇಲಿದ್ದ ಬಟ್ಟೆ ಚೂರು ಸರಿಸಿ ಲ್ಯಾಪ್‌ಟಾಪಿಗೆ ಜಾಗ ಮಾಡಿಕೊಟ್ಟರು. ಪಾಸ್‌ವರ್ಡ್ ಕೇಳಿದರೆ ಮಾತ್ರ ಸೂಜಿಗೆ ದಾರ ಪೋಣಿಸತೊಡಗಿದರು.

"ಅಕ್ಕಾ, ನೀವೇ ಹೇಳಿಬಿಡಿ. ನೀವೇ ಅಲ್ವಾ ಇಟ್ಟುಕೊಟ್ಟಿದ್ದು?"

ನನ್ನವಳು ಒಂದೊಂದೇ ಅಕ್ಷರ ಹೇಳಿದಳು. ಒತ್ತುತ್ತಾ ಹೋದೆ. ಮನಸ್ಸಿನಲ್ಲೇ ಜೋಡಿಸಿಕೊಂಡಾಗ ಕಿವಿ ಬಿಸಿಯಾಯಿತು: 'ಪಕ್ಕದ್ಮನೆಜಿಪುಣ'.

"ಪಾಪ, ಅವರಿಗೆ ಮರೆವು ಕಣ್ರೀ. ನೆನಪಿರಲಿ ಅಂತ ಇಟ್ಟೆ," ಎಂದಳು.

ಮೊದಲನೇ ಸಲಕ್ಕೇ ನೆಟ್ ಬಂತು.

ಪರೀಕ್ಷೆಯ ಕೊನೆಯ ಪ್ರಶ್ನೆ: 'ಒಡೆಯರು ಮರೆಯದ, ಪರರು ಊಹಿಸಲಾರದ ಪಾಸ್‌ವರ್ಡಿಗೆ ಒಂದು ಉದಾಹರಣೆ ಕೊಡಿ.' ಸಮಯ ಮುಗಿಯುತ್ತಿತ್ತು, ಬೇರೇನೂ ಹೊಳೆಯಲಿಲ್ಲ. ಹಲ್ಲು ಕಚ್ಚಿಕೊಂಡು ಆ ಜಿಪುಣನನ್ನೇ ಬರೆದೆ.

ಪೂರ್ತಿ ಅಂಕ ಬಂತು.