ಸಿಂಹ ನೋಡದೆ ಬಂದ ಭಾವ

ಆಫ್ರಿಕಾದ ಕಾಡಿಗೆ ಹೋಗಿ, ಮೂರು ದಿನ ಅಲ್ಲಿದ್ದು, ಒಂದೇ ಒಂದು ಸಿಂಹವನ್ನೂ ನೋಡದೆ, ಅದಕ್ಕಾಗಿ ಎಳ್ಳಷ್ಟೂ ಬೇಸರಪಡದೆ ಮರಳಿದವರು ಈ ಭೂಮಂಡಲದಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ. ಹಾಗಾದರೆ ಆ ಕಾಡಿನಲ್ಲಿ ಸಿಂಹ ಇರಲಿಲ್ಲವೇ? ಇತ್ತು ಸ್ವಾಮಿ! ಒಂದಲ್ಲ, ಏಳು! ನಾನೇ ಕಣ್ಣಾರೆ ಕಂಡಿದ್ದೇನೆ. ಕಣ್ಣು ತೆರೆದುಕೊಂಡಿದ್ದಷ್ಟು ಹೊತ್ತು.

ಎಂಬತ್ತರ ದಶಕದ ಕೊನೆಯ ಮಾತಿದು. ನಾನು ಮಸ್ಕತ್ತಿನ ಒಂದು ಆಫೀಸಿನಲ್ಲಿ ಫೈಲುಗಳಿಗೂ ಎಸಿಯ ಶೀತಕ್ಕೂ ಹೆದರಿಕೊಂಡು ಕೆಲಸ ಮಾಡುತ್ತ, ಅಲ್ ಗುಬ್ರಾದ ಫ್ಲ್ಯಾಟಿನಲ್ಲಿ ಸಂಸಾರ ಮಾಡಿಕೊಂಡಿದ್ದೆ. ಮದುವೆಯ ಗೋಜಿಗೆ ಹೋಗದ ಭಾವನವರು ಅದೇ ಊರಿನ ಘಾಲಾದ ಒಂದು ವರ್ಕ್‌ಶಾಪಿನಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು.

ಆ ಕಾಲದಲ್ಲಿ ಊರಿಗೆ ಹೊರಟವರ ಸುಳಿವು ಸಿಕ್ಕರೆ ಸಾಕು, "ಒಂದು ಸಣ್ಣ ಪೊಟ್ಟಣ" ಎಂದು ಜನ ಬಾಗಿಲಿಗೆ ಬರುತ್ತಿದ್ದರು. ಆ ಸಣ್ಣ ಪೊಟ್ಟಣ ಒಮ್ಮೊಮ್ಮೆ ಇಬ್ಬರು ಎತ್ತುವಷ್ಟಿರುತ್ತಿತ್ತು. ಹಾಗಾಗಿ ನಾನು ಹೊರಡುವ ದಿನವನ್ನು ಪರಮ ರಹಸ್ಯವಾಗಿಡುತ್ತಿದ್ದೆ. ಭಾವನವರೋ, ಒಂದು ತಿಂಗಳ ಮೊದಲೇ ಗ್ಯಾರೇಜು ಗ್ಯಾರೇಜಿಗೆ ಹೋಗಿ ಹೇಳಿ ಬರುತ್ತಿದ್ದರು! ಬರಿದೆ ತಲುಪಿಸಿದರೆ ಅವರಿಗೆ ಸಮಾಧಾನವಿಲ್ಲ. ಕೊಡಬೇಕಾದವರ ಕೈಗೇ ಕೊಡಬೇಕು. ಅವರು ಅದನ್ನು ಎದುರಿಗೇ ಬಿಚ್ಚಬೇಕು. ಆಗ ಅವರ ಮುಖ ಹೇಗಾಯಿತು, ಏನೆಂದರು, ಎಷ್ಟು ಸಲ ಮೂಗೊರೆಸಿಕೊಂಡರು ಎಂಬುದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬಂದು ಕಳಿಸಿದವನ ಎದುರು ಅಭಿನಯಿಸಿ ತೋರಿಸಬೇಕು.

ಕಾಸರಗೋಡಿನ ವೆಲ್ಡರ್ ಒಬ್ಬ ತಂದೆಗೆ ಕೈಗಡಿಯಾರ ಕಳಿಸಿದ್ದ. ಭಾವ ಮರಳಿ ಬಂದವರೇ ವರ್ಕ್‌ಶಾಪಿನ ನಡುವೆ ನಿಂತು ಆ ಮುದುಕರಾಗಿಬಿಟ್ಟರು. ಗಡಿಯಾರವನ್ನು ಎಡಗೈಗೆ ಕಟ್ಟಿದರು. ಬಿಚ್ಚಿ ಬಲಗೈಗೆ ಕಟ್ಟಿದರು. ಮತ್ತೆ ಎಡಗೈಗೆ. ಕೊನೆಗೆ ಕುತ್ತಿಗೆ ಓರೆ ಮಾಡಿ ಕೇಳಿದರು: "ಇದರಲ್ಲಿ ತೋರಿಸುವುದು ಇಲ್ಲಿಯ ಟೈಮಾ, ಮಗ ಇರುವಲ್ಲಿಯ ಟೈಮಾ?" ವೆಲ್ಡರ್ ನಕ್ಕ. ಇನ್ನೊಮ್ಮೆ ಮಾಡಿಸಿದ. ಮೂರನೆಯ ಸಲ ಕಪ್ಪು ಕನ್ನಡಕ ಹಾಕಿಕೊಂಡು ನೋಡಿದ.

"ಇಷ್ಟೆಲ್ಲ ಕಷ್ಟ ಯಾಕೆ ಭಾವ? ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ತಂದರೆ ಸಾಲದಾ?" ಎಂದು ನಾನೊಮ್ಮೆ ಕೇಳಿದ್ದೆ.

"ಕ್ಯಾಸೆಟ್ಟಿನಲ್ಲಿ ಮುಖ ಉಂಟಾ ಮಾರಾಯ್ರೆ?"

"ಆದರೆ ಹೋದ ವರ್ಷ ಪೊಟ್ಟಣ ಕೊಟ್ಟು ಬಂದಿರಲ್ಲ, ಆ ಆಂಧ್ರದ ಪೈಂಟರನ ಅಮ್ಮ ಮಾತಾಡಿದ್ದು ತೆಲುಗು. ನಿಮಗೆ ತೆಲುಗು ಬರುವುದಿಲ್ಲವಲ್ಲ!"

"ಬಾರದಿದ್ದರೆ ಇನ್ನೂ ಒಳ್ಳೇದು. ನಡುವೆ ನಮ್ಮ ಬುದ್ಧಿ ಅಡ್ಡ ಬರೂದಿಲ್ಲ."

ಹೀಗಿರುವಾಗ ನನ್ನ ಹೆಂಡತಿಗೆ ಕೆನ್ಯಾದ ಕಾಡು ನೋಡುವ ಮನಸ್ಸಾಯಿತು. ಮದುವೆಯಾಗಿ ಇಪ್ಪತ್ತು ವರ್ಷ ಒಂದೇ ಪ್ರಾಣಿಯನ್ನು ನೋಡಿ ಸಾಕಾಗಿತ್ತೋ ಏನೋ. ನಾನು ಮಲೇರಿಯಾ, ಹಳದಿ ಜ್ವರ, ನಿದ್ರೆ ರೋಗದ ನೊಣ, ಘೇಂಡಾಮೃಗ ಎಂದು ಒಂದೊಂದೇ ಹೇಳತೊಡಗಿದೆ. ಅವಳು ತಣ್ಣಗೆ ಹೇಳಿದಳು: "ಅಣ್ಣನನ್ನೂ ಕರ್ಕೊಂಡು ಹೋಗುವ. ನಿಮ್ಮ ಹೆದರಿಕೆ ಕಾಯ್ಲಿಕ್ಕೆ ನಾನೊಬ್ಬಳೇ ಸಾಲ್ಲಿಕ್ಕಿಲ್ಲ."

ಭಾವ ಒಪ್ಪಿದರು. ಒಪ್ಪಿದ ಮರುದಿನವೇ ಒಂದು ಪೊಟ್ಟಣವನ್ನೂ ಒಪ್ಪಿಕೊಂಡರು!

ಕೊಟ್ಟವನು ಅವರದೇ ಸ್ಟೋರಿನ ಸಾಲಿಂ; ಇಬ್ಬರ ಮಾತೂ ವರ್ಕ್‌ಶಾಪಿನ ಹರಕು ಹಿಂದಿಯಲ್ಲಿ. ಆಫ್ರಿಕಾದ ಕರಾವಳಿಯಲ್ಲಿ ಹುಟ್ಟಿ ಬೆಳೆದು, ಎಪ್ಪತ್ತರ ದಶಕದಲ್ಲಿ ಹಿರಿಯರ ನಾಡಿಗೆ ಮರಳಿದ ಎಷ್ಟೋ ಒಮಾನಿಗಳಲ್ಲಿ ಅವನೂ ಒಬ್ಬ. ತಾಯಿ ಇಲ್ಲದ ಅವನನ್ನು ಅಕ್ಕನೇ ಸಾಕಿದ್ದಳಂತೆ. ಹೇಳಿದರೆ ಬಿಡಲಿಕ್ಕಿಲ್ಲವೆಂದು ಒಂದು ಬೆಳಿಗ್ಗೆ ಅವಳಿಗೆ ಹೇಳದೆಯೇ ಹಡಗು ಹತ್ತಿದ್ದ. ಆಮೇಲೆ ಬರೆದ ಯಾವ ಕಾಗದಕ್ಕೂ ಉತ್ತರವಿಲ್ಲ. ಈಗ ಅವಳು ಅಭಯಾರಣ್ಯಕ್ಕೆ ಹೋಗುವ ದಾರಿಯ ಒಂದು ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾಳೆಂದು ಯಾರಿಂದಲೋ ತಿಳಿದಿತ್ತು. ತುಪ್ಪ, ಕೇಸರಿ, ಏಲಕ್ಕಿ ಸುರಿದು ಕಾಸಿದ ಒಮಾನಿ ಹಲ್ವಾದ ದೊಡ್ಡ ಡಬ್ಬಿಯನ್ನು ಅವನು ಭಾವನವರ ಕೈಗಿಟ್ಟ.

"ಅವನೇ ಹೋಗಬಹುದಲ್ಲ?" ಎಂದೆ.

"ಹೆದರಿಕೆ ಅವನಿಗೆ."

"ಸಿಂಹಕ್ಕಾ?"

"ಸಿಂಹಕ್ಕೆ ಯಾರು ಹೆದರ್ತಾರೆ ಮಾರಾಯ್ರೆ! ಅಕ್ಕನಿಗೆ."

ನೈರೋಬಿಯಲ್ಲಿ ವ್ಯಾನು ಹತ್ತಿದಾಗ ಡಬ್ಬಿ ಭಾವನ ತೊಡೆಯ ಮೇಲಿತ್ತು. ಬಿಸಿಲಿಗೆ ತುಪ್ಪ ಕರಗಿ ಪರಿಮಳ ಹೊರಟಿತು. ನನಗೆ ಹೊಸ ಚಿಂತೆ ಶುರುವಾಯಿತು.

"ಭಾವ, ಈ ವಾಸನೆಗೆ ಸಿಂಹ ಬಂದರೆ?"

"ಸಿಂಹ ಮಿಠಾಯಿ ತಿನ್ನೂದಿಲ್ಲ ಮಾರಾಯ್ರೆ."

"ಮಿಠಾಯಿ ಹಿಡಿದುಕೊಂಡವರನ್ನು ತಿನ್ನುತ್ತದಲ್ಲ!"

ಮಧ್ಯಾಹ್ನದ ಹೊತ್ತಿಗೆ ಆ ಪೇಟೆ ಬಂತು. ಡ್ರೈವರ್ ವಿಚಾರಿಸಿ ಅಂಗಡಿ ತೋರಿಸಿದ. ಸಕ್ಕರೆ, ಸೀಮೆಎಣ್ಣೆ, ಕೆಂಪು ಕಂಬಳಿಗಳ ನಡುವೆ ಅರುವತ್ತರ ಆಸುಪಾಸಿನ ಗಟ್ಟಿ ಹೆಂಗಸೊಬ್ಬಳು ನಿಂತಿದ್ದಳು. ಭಾವ ಡಬ್ಬಿ ಮುಂದಿಟ್ಟು, "ಸಾಲಿಂ, ಮಸ್ಕತ್" ಎಂದರು. ಅವಳು ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟಳು. ನೋಡಿದಳು. ಮತ್ತೆ ಅದನ್ನು ಈಚೆಗೆ ತಳ್ಳಿ, "ಹಪಾನಾ" ಎಂದು ಒಳಗೆ ಹೋದಳು. ಬೇಡ ಎಂದು ಅರ್ಥ. ಅದನ್ನು ಡ್ರೈವರ್ ಬಿಡಿಸಿ ಹೇಳಬೇಕಾಗಿರಲಿಲ್ಲ.

ಜನ್ಮದಲ್ಲಿ ಒಂದೇ ಒಂದು ಪೊಟ್ಟಣವನ್ನೂ ಮರಳಿ ತಂದ ಮನುಷ್ಯನಲ್ಲ. ಭಾವನ ಮುಖ ನೋಡುವಂತಿರಲಿಲ್ಲ. ಸಂಜೆ ಕಾಡಿನಲ್ಲಿ ನನ್ನ ಹೆಂಡತಿ ಕುಣಿಯುತ್ತಿದ್ದಳು: "ಅಣ್ಣಾ, ಜಿರಾಫೆ! ನೋಡು, ನೋಡು!"

"ಹ್ಞಾಂ. ಉದ್ದ ಉಂಟು," ಎಂದು ಭಾವ ಡಬ್ಬಿಯನ್ನೇ ನೋಡಿದರು. "ತಂಗಿ, ಅವಳು ಮುಚ್ಚಳದ ಮೇಲೆ ಕೈ ಇಟ್ಟಳಲ್ಲ. ನಿಜವಾಗಿ ಬೇಡದಿದ್ದವರು ಕೈ ಇಡ್ತಾರಾ?"

ಮರುದಿನ ಮುಂಜಾನೆ ನಾವು ಸಿಂಹ ನೋಡಲು ಹೊರಟರೆ ಭಾವ ಡಬ್ಬಿ ಸಮೇತ, ನಾವು ಇಳಿದುಕೊಂಡಿದ್ದ ಕ್ಯಾಂಪಿನ ತರಕಾರಿ ಲಾರಿ ಹತ್ತಿ ಪೇಟೆಗೆ ಹೋದರು! ನಾನು ತಡೆದೆ. ದುಡ್ಡು ಕೊಟ್ಟು ಬಂದಿದ್ದೇವೆ ಎಂದೆ. ಇನ್ನೊಮ್ಮೆ ಬರುವ ಜಾಗವಲ್ಲ ಎಂದೆ. "ನೀವು ನೋಡಿ ಬಂದು ಮಾಡಿ ತೋರಿಸಿ, ಸಾಕು" ಎಂದರು. ಏಳು ಸಿಂಹಗಳು ನಮ್ಮ ವ್ಯಾನಿನ ನೆರಳಿನಲ್ಲೇ ಬಂದು ಮಲಗಿದವು. ಒಂದು ಆಕಳಿಸಿತು. ನಾನು ಸೀಟಿನ ಕೆಳಗಿದ್ದೆ. ಹಾಗಾಗಿ ಆಕಳಿಕೆಯ ಸದ್ದನ್ನು ಮಾತ್ರ ಮಾಡಿ ತೋರಿಸಬಲ್ಲೆ.

ಸಂಜೆ ಅದೇ ಲಾರಿಯಲ್ಲಿ ಭಾವ ಬಂದರು. ಡಬ್ಬಿಯೂ ಬಂತು. ಆದರೆ ಮುಖದಲ್ಲಿ ಕಳೆ ಇತ್ತು.

"ಎಂತ ಆಯ್ತು ಅಣ್ಣ?"

"ಮಧ್ಯಾಹ್ನದವರೆಗೆ ಅಂಗಡಿ ಎದುರು ನಿಂತೇ ಇದ್ದೆ. ಮತ್ತೆ ಕೂರ್ಲಿಕ್ಕೆ ಸ್ಟೂಲ್ ಕೊಟ್ಟಳು!"

ಪದ್ಮಶ್ರೀ ಬಂದವರೂ ಅಷ್ಟು ಬೀಗಲಾರರು.

ಮೂರನೆಯ ದಿನ ನೈರೋಬಿಗೆ ಮರಳುವ ದಾರಿಯಲ್ಲಿ ವ್ಯಾನು ಅಂಗಡಿಯ ಎದುರು ಮತ್ತೆ ನಿಂತಿತು. ಇದು ಕೊನೆಯ ಅವಕಾಶ. ವಿಮಾನ ತಪ್ಪಿದರೆ ಗತಿಯೇನು ಎಂದು ನಾನು ಗಡಿಯಾರ ನೋಡುತ್ತಿದ್ದೆ. ಭಾವ ತಮ್ಮ ಸ್ಟೂಲಿನ ಮೇಲೆ ಕುಳಿತು ಡಬ್ಬಿಯನ್ನು ಮೆಲ್ಲಗೆ ಮುಂದೆ ತಳ್ಳಿದರು. ಆಗ ಶುರುವಾಯಿತು ನೋಡಿ! ಒಂದು ಕೈ ಸೊಂಟದ ಮೇಲೆ, ಇನ್ನೊಂದರ ಬೆರಳು ಭಾವನ ಮೂಗಿನ ನೇರಕ್ಕೆ. ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಆ ಅಕ್ಕ ಬೈಯತೊಡಗಿದಳು. ಹದಿನೈದು ವರ್ಷಕ್ಕೂ ಮಿಕ್ಕಿ ಕೂಡಿಟ್ಟ ಬೈಗುಳ. ಬೀದಿಯ ಜನ ಸೇರಿದರು. ನಾನು ವ್ಯಾನಿನ ಬಾಗಿಲು ತೆರೆದೇ ಇಟ್ಟುಕೊಂಡೆ. ಭಾವ ಮಾತ್ರ ಹರಿಕಥೆ ಕೇಳುವವರಂತೆ ಕಣ್ಣು ಮಿಟುಕಿಸದೆ ಕುಳಿತಿದ್ದರು. ನಡುವೆ ಒಮ್ಮೆ ಕೈಯೆತ್ತಿ, ಅದೊಂದು ಸಾಲು ಇನ್ನೊಮ್ಮೆ ಹೇಳಿ ಎಂದು ಸನ್ನೆ ಬೇರೆ ಮಾಡಿದರು! ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಇನ್ನೂ ಜೋರಾಗಿ ಹೇಳಿದಳು.

ಉಸಿರು ತೀರಿದಾಗ ಡಬ್ಬಿ ತೆರೆದು, ಎರಡು ಬೆರಳಿನಲ್ಲಿ ಹಲ್ವಾ ಎತ್ತಿ ಬಾಯಿಗಿಟ್ಟಳು. ಇನ್ನೊಂದು ತುತ್ತನ್ನು ಭಾವನ ಕೈಗಿಟ್ಟಳು. ಮುಚ್ಚಳ ಹಾಕಿ, ಡಬ್ಬಿಯನ್ನು ಸೆರಗಿನಂತೆ ಹೊದ್ದ ಬಟ್ಟೆಯೊಳಗೆ ಹಿಡಿದು ಒಳಗೆ ನಡೆದಳು.

ನೈರೋಬಿಯವರೆಗೆ ಭಾವ ಆ ಬೈಗುಳವನ್ನೇ ಗುಣುಗುಣು ಎನ್ನುತ್ತಲೇ ಇದ್ದರು. ಡ್ರೈವರ್ ಎರಡು ಸಲ ಬೆಚ್ಚಿ ಕನ್ನಡಿಯಲ್ಲಿ ನೋಡಿದ. "ಏನಪ್ಪಾ ಅದರ ಅರ್ಥ?" ಎಂದು ನಾನು ಕೇಳಿದರೆ, "ಅದು ಅವರ ಮನೆಯ ಮಾತು ಸಾರ್, ನಾನು ಹೇಳಬಾರದು. ಇವರು ವಿಮಾನ ನಿಲ್ದಾಣದಲ್ಲಿ ಸುಮ್ಮನಿದ್ದರೆ ಒಳ್ಳೆಯದು" ಎಂದ. ಸುಮ್ಮನಿದ್ದರೇ? ಪಾಸ್‌ಪೋರ್ಟ್ ನೋಡುವವನ ಎದುರೂ ತುಟಿ ಆಡುತ್ತಿತ್ತು. ನಾನು ಜೈಲಿನ ಕೋಣೆಯನ್ನು ಮನಸ್ಸಿನಲ್ಲೇ ನೋಡಿ ಬಂದೆ.

ಮಸ್ಕತ್ತಿಗೆ ಬಂದ ಮರುದಿನ ಬೆಳಿಗ್ಗೆ ಭಾವನನ್ನು ಘಾಲಾಕ್ಕೆ ಬಿಡಲು ಹೋದವನು, ಕುತೂಹಲಕ್ಕೆ ಸ್ಟೋರಿನೊಳಗೂ ಹೋದೆ. ಸಾಲಿಂ ಎದ್ದು ನಿಂತ. ಅಕ್ಕ ಡಬ್ಬಿ ತೆಗೆದುಕೊಂಡಳೇ ಎಂದು ಕೇಳಲೂ ಅವನಿಗೆ ಧೈರ್ಯವಿರಲಿಲ್ಲ. ಭಾವ ಚಪ್ಪಲಿ ಕಳಚಿದರು. ಒಂದು ಕೈ ಸೊಂಟಕ್ಕೆ ಹೋಯಿತು. ಇನ್ನೊಂದರ ಬೆರಳು ಸಾಲಿಂನ ಮೂಗಿಗೆ ನೇರವಾಯಿತು. ಹೊರಟಿತು ಬೈಗುಳ! ಅದೇ ಏರು, ಅದೇ ಇಳಿತ, ನಡುವೆ ಉಸಿರು ಎಳೆದುಕೊಂಡದ್ದೂ ಅದೇ.

ಸಾಲಿಂ ಮೊದಲು ಹೋ ಎಂದು ನಕ್ಕ. ಆಮೇಲೆ ನಗು ನಿಂತಿತು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮುಗಿಯುವಷ್ಟರಲ್ಲಿ ಗಡ್ಡದವರೆಗೂ ಒದ್ದೆಯಾಗಿತ್ತು. ಭಾವ ಕೊನೆಗೆ ಎರಡು ಬೆರಳನ್ನು ಬಾಯಿಗಿಟ್ಟು, ಇಲ್ಲದ ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಎದೆಗೆ ಅವುಚಿಕೊಂಡು ಮೂರು ಹೆಜ್ಜೆ ಒಳಗೆ ನಡೆದರು.

"ಅಕ್ಕಾ" ಎಂದು ಕರೆದಿರಬೇಕು ಸಾಲಿಂ. ಬಿಡಿಭಾಗಗಳ ರ್‍ಯಾಕಿನ ಎದುರು ನಿಂತಿದ್ದ, ಬಕ್ಕತಲೆಯ, ಕನ್ನಡಕದ ನನ್ನ ಭಾವನ ಬೆನ್ನಿಗೆ ಅವನು ಸ್ವಾಹಿಲಿಯಲ್ಲಿ ಉತ್ತರ ಕೊಡತೊಡಗಿದ. ತೊದಲುತ್ತ, ಬೇಡಿಕೊಳ್ಳುತ್ತ, ನಡುವೆ ಚಿಕ್ಕ ಹುಡುಗನ ಹಾಗೆ ವಾದಿಸುತ್ತ.

ಭಾವ ತಿರುಗಿದರು. ಒಂದು ಅಕ್ಷರವೂ ಅರ್ಥವಾಗದ ಆ ಮಾತನ್ನು ಕೇಳುತ್ತ ಅವರ ತುಟಿಗಳು ಮೆಲ್ಲಗೆ ಅಲುಗಾಡತೊಡಗಿದ್ದವು.

"ಧೀರೆ ಸೇ, ಸಾಲಿಂ ಭಾಯಿ," ಎಂದರು, "ಫಿರ್ ಸೇ ಬೋಲೋ."