ಅತ್ತೆಯವರ ಆನೆ, ನನ್ನ ಕಾರು

ಇಳಕಲ್ಲಿನಲ್ಲಿ ಲಿನಕ್ಸಿನ ಮೇಲೆ ಕಾರು ಓಡಿಸಿದ ಮೊಟ್ಟಮೊದಲ ಗಂಡಸು ನಾನೇ ಆಗಬೇಕು! ಎರಡು ಸಾವಿರದ ಐದನೆಯ ಇಸವಿಯ ಶ್ರಾವಣದಲ್ಲಿ ನಾನು ಕೈಗೊಂಡ ಘನಘೋರ ಪ್ರತಿಜ್ಞೆ ಇದು. ಕಾರು ಎಂದರೆ ರಸ್ತೆಯ ಮೇಲಿನದಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಓಡುವ ಆಟದ ಕಾರು. ನಿಜವಾದ ವಾಹನವೆಂದು ನನ್ನ ಬಳಿ ಇದ್ದದ್ದು ಒಂದು ಸೈಕಲ್ಲು. ಅದರ ಬ್ರೇಕೂ ಅಷ್ಟಕ್ಕಷ್ಟೇ.

ನಾನು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಕಲ್ಲಿನ ಉದ್ದಗಲ ಟೈಪ್ ಮಾಡುವವನು. ಅಲ್ಲಿ ಕಂಪ್ಯೂಟರು ಚಾಲೂ ಮಾಡಲು ಬರುತ್ತಿದ್ದವನು ನಾನೊಬ್ಬನೇ. ಹೀಗಾಗಿ ಪಂಡಿತನೆಂಬ ಬಿರುದು ತಾನಾಗಿಯೇ ಒದಗಿ ಬಂದಿತ್ತು. ಬಿರುದು ಬಂದ ಹಿಂದೆಯೇ ಕೋಡೂ ಬಂತು.

ಆ ಕೋಡಿಗೆ ಕೈ ಹಾಕಿದವನು ಅರ್ಷದ. ನನ್ನ ಕಾಲೇಜಿನ ದೋಸ್ತ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಇಂಟರ್ನೆಟ್ ಅಂಗಡಿ ಇಟ್ಟವನು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸಿ.ಡಿ.ಯನ್ನು ನನ್ನ ಕೈಗಿಡುತ್ತ ಅಂದ:

"ಲೇ ಶ್ರೀಧರ, ವಿಂಡೋಸ್ ಬದಲಿ ಇದನ್ನ ಹಾಕು, ಭಾಳ ಚಲೋ ಐತಿ. ವೈರಸ್ ಕಾಟ ಇಲ್ಲ. ಆದ್ರ ಆಟ ಆಡೂದು ಮರತಬಿಡು."

"ಯಾಕ? ಆಟಕ್ಕಂತನ ಹೊಸಾ ಗ್ರಾಫಿಕ್ಸ್ ಕಾರ್ಡ್ ಹಾಕಿಸೇನಿ ನಾ!"

"ಕಾರ್ಡಿಗೂ ಲಿನಕ್ಸಿಗೂ ಮಾತುಕತಿ ಇಲ್ಲೋ ಮಾರಾಯಾ. ನಡುವ ಡ್ರೈವರ್ ಅಂತ ಒಂದು ಬೇಕು. ವಿಂಡೋಸಿಗೆ ಕಂಪನಿಯವ್ರ ಕೊಟ್ಟಿರ್ತಾರ. ಲಿನಕ್ಸಿಗೆ ನಾವ ಹುಡುಕ್ಯಾಡಬೇಕು, ಹೊಂದಸಬೇಕು."

ನಾನು ಬೆಪ್ಪಾಗಿ ನೋಡಿದೆ. ಅರ್ಷದ ನನ್ನ ಮಟ್ಟಕ್ಕೆ ಇಳಿದು ಬಂದ.

"ನಿಮ್ಮ ಅತ್ತಿ ನಿನ್ನ ಕೂಡ ಮಾತಾಡತಾರೇನು?"

"ಎಲ್ಲೀದು! ಲಗ್ನ ಆಗಿ ಹನ್ನೊಂದು ವರ್ಷ ಆತು, ಒಂದ ಮಾತಿಲ್ಲ."

"ಮತ್ತ ಏನರ ಹೇಳೂದಿದ್ರ?"

"ಮಹಾನಂದಾಗ ಹೇಳತಾರ. ಮಹಾನಂದಾ ನನಗ ಹೇಳತಾಳ."

"ಮುಗೀತಲ್ಲ! ಅತ್ತಿ ಅಂದ್ರ ಕಾರ್ಡು. ನೀ ಲಿನಕ್ಸು. ನಿನ್ನ ಹೇಣ್ತೀನ ಡ್ರೈವರ್!"

ನಮ್ಮ ಅತ್ತೆ ರತ್ನಾಬಾಯಿಯವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅವರ ಕಾಲದ ಹೆಂಗಸರು ಅಳಿಯನ ಎದುರು ಕೂಡುವುದಿಲ್ಲ, ನೇರ ಮಾತಾಡುವುದಿಲ್ಲ, ಅಷ್ಟೇ. ಅವರ ಮನೆ ನಮ್ಮ ಓಣಿಯಲ್ಲೇ, ಎರಡು ಮನೆ ಆಚೆ. ನಾನು ಆಫೀಸಿಗೆ ಹೋದ ಮೇಲೆ ಮಗಳ ಹತ್ತಿರ ಬರುವರು. ಸಂಜೆ ನನ್ನ ಸೈಕಲ್ಲಿನ ಗಂಟೆ ಕೇಳಿದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಬಿಡುವರು. ಹನ್ನೊಂದು ವರ್ಷದಲ್ಲಿ ನಾನು ಅವರಿಗಿಂತ ಅವರ ಸೆರಗನ್ನೇ ಹೆಚ್ಚು ನೋಡಿದ್ದೆ.

ಮಧ್ಯಾಹ್ನ ತಾಯಿ ಮಗಳು ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಏನು ಮಾಡುತ್ತಿದ್ದರೆಂದು ನಾನು ಒಮ್ಮೆಯೂ ಕೇಳಲಿಲ್ಲ. ನನಗೆ ಆಮೇಲೆ ಗೊತ್ತಾದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅತ್ತೆಯವರು ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವುದರಲ್ಲಿ ದೊಡ್ಡ ಕೈ. ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ, ಎಲ್ಲ ಎಳೆ ಎಣಿಸಿ ಎಣಿಸಿಯೇ ಹಾಕಬೇಕು. ಅದರಲ್ಲೂ ಆನೆ ಎಂದರೆ ಅವರದೇ ಆನೆ! ಅಂಬಾರಿ ಆನೆ, ಮರಿ ಆನೆ, ಸೊಂಡಿಲೆತ್ತಿದ ಆನೆ, ಹೀಗೆ ಒಂಬತ್ತು ತರಹ. ಹಾಕಿದ ಸೀರೆಗಳೆಲ್ಲ ಹರಿದು ಕೌದಿಯಾಗಿದ್ದವು. ಈಗ ಅವರ ಕಣ್ಣಿನ ನರ ಒಣಗುತ್ತಿತ್ತು, ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದ್ದರು. ಇನ್ನೂ ಮಸುಕಾಗಿ ಕಾಣುತ್ತಿರುವಾಗಲೇ ಒಂದೊಂದೇ ನಮೂನೆಯನ್ನು ಅವರು ಎಣಿಸಿ ಹೇಳುವುದು, ಮಹಾನಂದಾ ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ಒಂದೊಂದೇ ಚೌಕ ತುಂಬುವುದು. ಐದು ತಿಂಗಳಲ್ಲಿ ಮೂವತ್ತೊಂದು ನಮೂನೆ ಆಗಿದ್ದವು.

ಇದು ಕಸೂತಿಯ ಸ್ಥಿತಿ. ಇನ್ನು ನನ್ನ ಪರಾಕ್ರಮದ ಕಡೆ ಬನ್ನಿ.

ಐತವಾರ ಬೆಳಗ್ಗೆ ಸ್ನಾನ ಮಾಡಿ, ಊದಿನಕಡ್ಡಿ ಹಚ್ಚಿ, ಸಿ.ಡಿ. ಒಳಗೆ ಹಾಕಿದೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಹಾನಂದಾ ಕೂಗಿದಳು:

"ಏನ್ರೀ, ಅದರಾಗ ಅವ್ವನ ಕಸೂತಿ ಅದಾವು. ನೋಡಕೊಂಡು ಮಾಡ್ರಿ ಮತ್ತ!"

"ಹೂಂ" ಅಂದೆ.

ಲಗ್ನವಾಗಿ ಹನ್ನೊಂದು ವರ್ಷವಾದ ಗಂಡಸಿನ 'ಹೂಂ' ಅದು. ಅದಕ್ಕೂ ಕಿವಿಗೂ ಸಂಬಂಧವಿರುವುದಿಲ್ಲ.

ಮೈಮರೆತು ಕೆಲಸ ಮಾಡಿದೆ ಅಂತೀರಾ? ಛೆ, ಪಂಡಿತರು ಹಾಗೆ ಮಾಡುತ್ತಾರೆಯೇ! ಮುಖ್ಯವಾದದ್ದನ್ನೆಲ್ಲ ಮೊದಲು ಫ್ಲಾಪಿಗೆ ಇಳಿಸಿಕೊಂಡೆ. ಮುಖ್ಯವಾದದ್ದು ಎಂದರೆ ಕೂಡಲಸಂಗಮದಲ್ಲಿ ಬೇರೆ ಯಾರದೋ ಬುಲೆಟ್ಟಿಗೆ ಆತುಕೊಂಡು ನಾನು ತೆಗೆಸಿಕೊಂಡ ಫೋಟೊ. ಇನ್ನೊಂದು ಕಡೆ ಏನೇನೋ ಫೈಲುಗಳಿದ್ದವು. ಒಂದನ್ನು ತೆರೆದೆ. ಕಪ್ಪು ನೆಲದ ಮೇಲೆ ಬಿಳಿ ಚುಕ್ಕೆಗಳು. ಪಾಪ, ಮಹಾನಂದಾ ಮೌಸು ಹಿಡಿಯಲು ಕಲಿಯುತ್ತಿದ್ದಾಳೆ ಎಂದುಕೊಂಡು ನಕ್ಕೆ. ಆ ನಗು ನೆನಪಾದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಲಿನಕ್ಸು ಸಜ್ಜನ. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳಿತು. ಮತ್ತೊಮ್ಮೆ ಕೇಳಿತು. ನಾನು ಎರಡೂ ಸಲ ರಾಜಠೀವಿಯಿಂದ ಹೌದು ಎಂದು ಒತ್ತಿದೆ!

ಲಿನಕ್ಸು ಬಂತು. ಆಟದ ಕಾರೂ ಬಂತು. ಆದರೆ ಓಡಬೇಕಲ್ಲ! ನಾಲ್ಕು ಸೆಕೆಂಡಿಗೊಮ್ಮೆ ಒಂದು ಗೇಣು ಸರಿಯುತ್ತಿತ್ತು. ಬಲಕ್ಕೆ ತಿರುಗಿಸಿದರೆ ನಾನು ಚಹಾ ಕುಡಿದು ಬರುವ ಹೊತ್ತಿಗೆ ತಿರುಗುತ್ತಿತ್ತು. ಮಹಾನಂದಾ ಇಣುಕಿ ನೋಡಿದಳು.

"ಕಾರು ಕೆಟ್ಟೈತೇನ್ರಿ?"

"ಕೆಟ್ಟಿಲ್ಲ. ಡ್ರೈವರ್ ಇಲ್ಲ."

"ಹಂಗಾರ ಸರಿಯೂದರ ಹೆಂಗ?"

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ. ಡ್ರೈವರಿನಷ್ಟು ದೊಡ್ಡ ಫೈಲನ್ನು ನಮ್ಮೂರಲ್ಲಿ ಇಂಟರ್ನೆಟ್ಟಿನಿಂದ ಇಳಿಸುವಷ್ಟರಲ್ಲಿ ಹತ್ತು ಸಲ ಲೈನು ಕಟ್ಟಾಗುತ್ತಿತ್ತು. ಅರ್ಷದ ಡ್ರೈವರನ್ನು ಸಿ.ಡಿ.ಗೆ ಬರೆದುಕೊಟ್ಟ. ಹಾಕಿದ ಕೂಡಲೇ ಪರದೆ ಅಮಾಸೆಯಾಯಿತು! ಮುಂದಿನ ಐತವಾರ ಮತ್ತೆ ಬಸ್ಸು, ಶಿರೂರಿನಲ್ಲಿ ಪಂಕ್ಚರು, ಮತ್ತೆ ಸಿ.ಡಿ. ಈ ಸಲ ಪರದೆಯ ತುಂಬ ಬಿಳಿ ಅಕ್ಷರದ ಬೈಗುಳ. ಬರುವಾಗ ಹೆಂಡತಿಯ ಸಮಾಧಾನಕ್ಕೆಂದು ಅಮೀನಗಡದ ಕರದಂಟು ತಂದಿದ್ದೆ. ಬೈಗುಳ ಓದುತ್ತ ಓದುತ್ತ ಅದನ್ನೂ ನಾನೇ ತಿಂದೆ.

ಅಷ್ಟು ದಿನ ಮಹಾನಂದಾ ಕಂಪ್ಯೂಟರಿನ ತಂಟೆಗೆ ಬಂದಿರಲಿಲ್ಲ. ಅತ್ತೆಯವರ ಕಣ್ಣಿಗೆ ಹನಿ ಹಾಕಿ, ಮೂರು ವಾರ ಕಣ್ಣಿಗೆ ಕೆಲಸ ಕೊಡಬಾರದೆಂದು ಡಾಕ್ಟರರು ಹೇಳಿದ್ದರು. ಕಸೂತಿ ನಿಂತಿತ್ತು. ನನಗೆ ಮಾತ್ರ ಅದೂ ಗೊತ್ತಿರಲಿಲ್ಲ.

"ಏನಂತೈತ್ರಿ ಅದು?" ಎಂದು ಕೇಳಿದಳು.

"ಲಿನಕ್ಸಿನ ಒಳಗ ಒಂದು ತಿರುಳಿರ್ತೈತಿ. ಅದಕ್ಕೂ ಡ್ರೈವರಿಗೂ ಕೂಡವಲ್ದು."

"ಸೀರಿ ಒಡಲಿಗೂ ಸೆರಗಿಗೂ ಎಳಿ ಸಮ ಇರಲಿಲ್ಲಂದ್ರ ಕೊಂಡಿ ಹೆಂಗ ಬೀಳತೈತ್ರಿ? ಮೊದಲ ಎಣಸಬೇಕು. ಎಣಸೀರೇನು?"

ನೇಕಾರರ ಮನೆಯ ಮಗಳು! ಸೆರಗಿನ ಎಳೆ, ಒಡಲಿನ ಎಳೆ ಒಂದೊಂದನ್ನೂ ಕೊಂಡಿ ಹಾಕಿ ಕೂಡಿಸುವುದನ್ನು ನೋಡುತ್ತಲೇ ಬೆಳೆದವಳು. ನಾನು ಹಲ್ಲು ಕಚ್ಚಿಕೊಂಡು ಎಣಿಸಿದೆ. ತಿರುಳಿನ ನಂಬರಿನ ಕೊನೆಯ ಅಂಕಿ ಎಂಟು, ಡ್ರೈವರಿನದು ಒಂಬತ್ತು. ಇಷ್ಟಕ್ಕಾಗಿ ಎರಡು ಸಲ ಬಾಗಲಕೋಟೆ!

ಮೂರನೆಯ ಐತವಾರ ಸರಿಯಾದ ನಂಬರಿನ ಡ್ರೈವರ್ ತಂದು ಹಾಕಿದೆ. ಪರೀಕ್ಷೆಗೆಂದು ಲಿನಕ್ಸಿನಲ್ಲಿ ಒಂದು ಸಣ್ಣ ಪ್ರೋಗ್ರಾಮು ಇದೆ. ಕೆಂಪು, ಹಸಿರು, ನೀಲಿ ಬಣ್ಣದ ಮೂರು ಹಲ್ಲಿನ ಗಾಲಿಗಳು ಒಂದಕ್ಕೊಂದು ಸಿಕ್ಕಿಕೊಂಡು ತಿರುಗುತ್ತವೆ. ಇಲ್ಲಿಯವರೆಗೆ ಮುದುಕರಂತೆ ತಿರುಗುತ್ತಿದ್ದವು, ಈಗ ಗಿರ್ರನೆ ತಿರುಗಿದವು! ಕಾರು ಚಾಲೂ ಮಾಡಿದೆ. ಹೋಯಿತು ನೋಡಿ! ಗುಡ್ಡ, ಸೇತುವೆ, ಮರ ಎಲ್ಲ ಹಿಂದಕ್ಕೆ ಹಿಂದಕ್ಕೆ! ನಾನು ಕುರ್ಚಿಯಿಂದ ಎದ್ದು ನಿಂತೆ.

"ಮಹಾನಂದಾ! ಬಾ ಇಲ್ಲೆ! ಗೆದ್ನೆ ನಾ!"

ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಬಂದಳು. ನೋಡಿದಳು. ಅವಳಿಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

"ಓಡಾಕತ್ತೈತಲ್ರಿ! ಚಲೋ ಆತು. ನಾಳಿಂದ ಅವ್ವ ಬರ್ತಾಳ. ಕಸೂತಿ ಎಲ್ಲಿ ಇಟ್ಟೀರಿ? ತಗದ ಇಡ್ರಿ."

"ಯಾವ ಕಸೂತಿ?"

ಅವಳು ಹೇಳಿದಳು. ಐದು ತಿಂಗಳು, ಮೂವತ್ತೊಂದು ನಮೂನೆ, ಒಂಬತ್ತು ಆನೆ, ಕಪ್ಪು ನೆಲದ ಮೇಲೆ ಬಿಳಿ ಚುಕ್ಕೆ. ಹೇಳುತ್ತ ಹೇಳುತ್ತ ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಹಿಂದೆ ಪರದೆಯ ಮೇಲೆ ಕಾರು ಹಿಡಿಯುವವರಿಲ್ಲದೆ ಹೋಗಿ ಗುಡ್ಡಕ್ಕೆ ಗುದ್ದಿಕೊಂಡಿತು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಮಗ್ಗಕ್ಕ ಹೊಸಾ ಹಾಸಿನ ಎಳಿ ಹಾಕೂದಿದ್ರ ಹಳೇ ಹಾಸಿನ ತುದಿಗೆ ಗಂಟು ಹಾಕಿ ಎಳಕೋತಾರ. ಮಗ್ಗ ಯಾರರ ಬರಿದು ಮಾಡತಾರೇನ್ರಿ?" ಅಂದಳು, ಅಷ್ಟೇ. ಅಡಿಗೆಮನೆಗೆ ಹೋದಳು. ಆ ದಿನ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಕೇಳಲಿಲ್ಲ.

ಅರ್ಷದನಿಗೆ ಫೋನು ಮಾಡಿ ಅಂಗಲಾಚಿದೆ. "ಹೊಲಾ ನೇಗಿಲಾ ಹೊಡದು, ಬಿತ್ತಿ, ಬೆಳಿ ಬಂದ ಮ್ಯಾಲೆ ಹ್ವಾದ ವರ್ಷದ ಸಾಲು ಎಲ್ಲಿ ಅದಾವು ಅಂತ ಕೇಳಾಕತ್ತಿ ನೀ" ಅಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ತಪ್ಪಾಯಿತೆಂದು ಅತ್ತೆಯವರಿಗೆ ಮಹಾನಂದಾಳ ಕೈಲಿ ಹೇಳಿ ಕಳಿಸಿದೆ. ಅವರ ಉತ್ತರವೂ ಮಗಳ ಮೂಲಕವೇ ಬಂತು. "ಆಗಿದ್ದಾತು ಅನ್ನು. ನೆನಪಿದ್ದಷ್ಟು ಹೇಳತೇನಿ ಅನ್ನು. ಈ ಸಲ ಚೌಕ ಅವರ ತುಂಬಲಿ ಅನ್ನು."

ಮಾಡಿದ್ದುಣ್ಣೋ ಮಹರಾಯ! ಪ್ರತಿ ಐತವಾರ ಮಧ್ಯಾಹ್ನ ನಾನು ಕಂಪ್ಯೂಟರಿನ ಮುಂದೆ, ಅತ್ತೆಯವರು ನಡುಮನೆಯ ಬಾಗಿಲ ಆಚೆ, ಹೊಸ್ತಿಲ ಮೇಲೆ ಮಹಾನಂದಾ.

"ಎರಡು ಬಿಟ್ಟು ಮೂರು ತುಂಬಂತ ಹೇಳು."

"ಎರಡು ಬಿಟ್ಟು ಮೂರು ತುಂಬ್ರಿ."

"ಎಡಕ್ಕೋ ಬಲಕ್ಕೋ ಕೇಳು."

"ಎಡಕ್ಕೋ ಬಲಕ್ಕೋ ಅಂತ ಕೇಳತಾರ, ಯವ್ವಾ."

"ಆನಿ ಮಾರಿ ಯಾವ ಕಡೆ ಐತಿ ಅಂತ ಕೇಳು."

ಸೆಕೆಂಡಿಗೆ ಲಕ್ಷಗಟ್ಟಲೆ ಚುಕ್ಕೆ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಯಜಮಾನ ನಾನು, ಗಂಟೆಗೆ ನಲವತ್ತು ಚೌಕ ತುಂಬುತ್ತಿದ್ದೆ! ಆದರೆ ನಗು ಬರುತ್ತಿರಲಿಲ್ಲ. ಮೊದಲ ಸಲ ಅವರು ಹಳೆಯ ಕೌದಿಯನ್ನು ಕಣ್ಣಿಗೆ ಹಿಡಿದು ನೋಡಿ ಹೇಳಿದ್ದರು. ಈಗ ಕೌದಿಯ ಮೇಲೆ ಬೆರಳಾಡಿಸಿ ಹೇಳಬೇಕಾಗಿತ್ತು, ಕಣ್ಣು ಅಷ್ಟು ಇಳಿದಿತ್ತು. ಎಷ್ಟೋ ಸಲ ನಡುವೆಯೇ ನಿಲ್ಲುವರು. "ಇದು ನೆನಪಾಗವಲ್ದು, ಬಿಡಂತ ಹೇಳು" ಅನ್ನುವರು. ಹಾಗೆ ಬಿಟ್ಟ ನಮೂನೆಗಳು ಹನ್ನೆರಡು. ಉಳಿದದ್ದು ಹತ್ತೊಂಬತ್ತು. ಒಂಬತ್ತು ಆನೆಗಳಲ್ಲಿ ಐದು ಬಂದವು, ನಾಲ್ಕು ಬರಲಿಲ್ಲ. ಆ ನಾಲ್ಕನ್ನು ಕೊಂದವನು ನಾನು.

ಕೊನೆಯ ಐತವಾರ ಅಂಬಾರಿ ಆನೆಯ ಬಾಲದ ತುದಿಯಲ್ಲಿದ್ದೆವು. ಅಷ್ಟರಲ್ಲಿ ನಳ ಬಂತು, ಮಹಾನಂದಾ ಕೊಡ ತಗೊಂಡು ಓಡಿದಳು. ಡ್ರೈವರ್ ಹೋದಮೇಲೆ ಇನ್ನೇನು, ಎರಡೂ ಕಡೆ ಮೌನ. ನಾನು ಚೌಕ ನೋಡುತ್ತ ಕೂತೆ. ಬಾಗಿಲ ಆಚೆಯಿಂದ ಒಂದು ದನಿ ಬಂತು.

"ಅಳಿಯಾರ..."

ಹನ್ನೊಂದು ವರ್ಷದಲ್ಲಿ ಮೊದಲನೆಯ ಮಾತು! ನಾನು ಗಾಬರಿಯಿಂದ ಎದ್ದು ನಿಂತೆ.

"ಏನ್ರಿ ಅತ್ತಿಯಾರ?"

"ಆವತ್ತ ಅಳಸೂ ಮುಂದ ಒಂದ ಮಾತು ಕೇಳಬೇಕಿತ್ತಲ್ರಿ. ರೀತಿ ಮುರದು ನಾನ ಹೇಳತಿದ್ದೆ."

"ತಪ್ಪಾತ್ರಿ" ಅಂದೆ. ಇಷ್ಟು ದಿನ ಮಹಾನಂದಾಳ ಕೈಲಿ ಹೇಳಿ ಕಳಿಸಿದ್ದ ಮಾತು ಅದು, ಅಂದು ನಾನೇ ಹೇಳಿದೆ.

ಅವರೇ ಮುಂದುವರಿದು ಅಂದರು: "ಇರ್ಲಿ ಬಿಡ್ರಿ. ನಿಮ್ಮ ಕಾರರ ಓಡಸ್ರಿ. ಅಷ್ಟ ಆನಿ ನುಂಗಿದ್ದು ಹೆಂಗ ಓಡತೈತಿ ಅಂತ ಸಪ್ಪಳರ ಕೇಳತೇನಿ."

ಸಂಭ್ರಮದಿಂದ ಕಾರು ಚಾಲೂ ಮಾಡಿದೆ. ಓಡಿತು! ಗುಡ್ಡ, ಸೇತುವೆ, ಮರ. ಒಂದು ನಿಮಿಷವಾಯಿತು.

"ಚಾಲೂ ಮಾಡಲಿಲ್ಲೇನ್ರಿ?"

"ಓಡಾಕತ್ತೈತ್ರಿ."

"ಸಪ್ಪಳ ಇಲ್ಲಲ್ರಿ?"

"ಸಪ್ಪಳಕ್ಕ... ಬ್ಯಾರೆ ಡ್ರೈವರ್ ಬೇಕ್ರಿ, ಅತ್ತಿಯಾರ."

ಬಾಗಿಲ ಆಚೆ ಅತ್ತೆಯವರು ಧಡಕ್ಕನೆ ಎದ್ದ ಸಪ್ಪಳ ಕೇಳಿತು. "ಮಹಾನಂದಾ! ಏ ಮಹಾನಂದಾ! ಕೊಡಾ ಅಲ್ಲೇ ಇಟ್ಟು ಬಾ! ಅಳಿಯಾರು ಇನ್ನೊಂದು ಡ್ರೈವರ್ ತರೂದರಾಗ ನನ್ನ ಆನಿ ಕಾಗದದ ಮ್ಯಾಲೆ ಇಳಿಸಿಕೋ!"

ಮಹಾನಂದಾ ಬಂದಳು. ನಮ್ಮ ಮನೆಯಲ್ಲಿ ಪ್ರಿಂಟರೂ ಇತ್ತು, ಅದನ್ನು ಚಾಲೂ ಮಾಡಲು ಕೈ ಚಾಚಿದಳು. ನಾನು ತಲೆ ತಗ್ಗಿಸಿದೆ. ಅವಳಿಗೆ ಹೇಳದೆಯೇ ಗೊತ್ತಾಯಿತು.

"ಅದಕ್ಕೂ ಬೇಕೇನ್ರಿ?"

"ಹೂಂ." ಈ ಸಲ ಕಿವಿಗೊಟ್ಟು ಕೇಳಿಯೇ ಅಂದ 'ಹೂಂ'.

ಅವಳು ಕಪಾಟಿನಿಂದ ಚೌಕುಳಿ ಕಾಗದದ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ತಂದು ನನ್ನ ಮುಂದಿಟ್ಟಳು.

"ಹತ್ತೊಂಬತ್ತೂ ನೋಡಿ ನೋಡಿ ಬರೀರಿ. ಕೈಗೇನ್ ಡ್ರೈವರ್ ಬೇಕಾಗಂಗಿಲ್ಲ."