ಮಿರ್ಬಾತಿನ ಹಕ್ಕಿಗಾಗಿ ಹಿಡಿದ ಹಠ

ಕ್ಯಾಮೆರಾ ಹಿಡಿದವನಿಗೆ ಹಕ್ಕಿ ಸಿಗದಿದ್ದರೂ ಫಜೀತಿ ಸಿಕ್ಕೇ ಸಿಗುತ್ತದೆ. ನನಗಂತೂ ಮೂರು ವರ್ಷ ಬಿಡದೆ ಸಿಕ್ಕಿತು. ಉಡುಪಿ ಕಡೆಯವನಾದ ನಾನು ಮಸ್ಕತ್ತಿನ ಘಾಲಾದಲ್ಲಿ ಒಂದು ಗ್ಯಾರೇಜಿನ ಸೂಪರ್‌ವೈಸರ್. ನನಗೆ ಬೇಕಾಗಿದ್ದುದು ಜೋನಿನ್ ಪೆಟ್ರೆಲ್ ಎಂಬ ಕಂದು ಕಡಲಹಕ್ಕಿಯ ಒಂದೇ ಒಂದು ಸ್ಪಷ್ಟ ಫೋಟೊ. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗೆ ಇದು ದೂರದ ದಾಯಾದಿ. ಕುಡಿಯುವುದು ಕಡಲಿನ ಉಪ್ಪುನೀರನ್ನೇ. ಗೂಡು ಮಾಡುವುದು ಅರಬ್ಬಿ ಸಮುದ್ರದ ಬೆರಳೆಣಿಕೆಯ ದ್ವೀಪಗಳಲ್ಲಿ ಮಾತ್ರ. ಒಮಾನಿನ ದಕ್ಷಿಣ ತುದಿಯ ಮಿರ್ಬಾತಿನಿಂದ ದೋಣಿಯಲ್ಲಿ ಹೋದರೆ ಕಣ್ಣಿಗೆ ಬೀಳುತ್ತದೆ. ವೀಸಾ ಮುಗಿದು ಊರಿಗೆ ಹೊರಡುವ ಮೊದಲು ಆ ಫೋಟೊ ತೆಗೆದೇ ತೀರುತ್ತೇನೆ ಎಂದು ಹಠ ಹಿಡಿದಿದ್ದೆ.

ರಜೆಯ ಅರ್ಜಿ

ಮೊದಲ ಸಲ ರಜೆ ಕೇಳಲು ಒಮಾನಿ ಮ್ಯಾನೇಜರ ಮುಂದೆ ನಿಂತೆ. ಕಾರಣ ಹಕ್ಕಿ ಎಂದಾಗ ಅವರು ಖುಷಿಯಿಂದ ಕುರ್ಚಿ ಮುಂದೆಳೆದುಕೊಂಡರು. ಬೇಟೆಗೆ ಸಾಕುವ ಗಿಡುಗ ಎಂದುಕೊಂಡಿದ್ದರು.

"ಬೇಟೆಯಾಡುತ್ತದಾ?" ಎಂದು ಕೇಳಿದರು.

"ಇಲ್ಲ ಸರ್."

"ಹಾಡುತ್ತದಾ?"

"ಇಲ್ಲ ಸರ್."

"ತಿನ್ನಲಿಕ್ಕಾದರೂ ಆಗುತ್ತದಾ?"

"ಆಗುವುದಿಲ್ಲ. ದಿನವಿಡೀ ಸುಮ್ಮನೆ ತೇಲಾಡಿಕೊಂಡಿರುತ್ತದೆ."

ಅವರು ರಜೆಗೆ ಸಹಿ ಹಾಕುತ್ತ ಹೇಳಿದರು: "ಅಂಥವನು ನನ್ನ ಭಾವಮೈದುನನೇ ಇದ್ದಾನೆ. ಅಷ್ಟು ದೂರ ಯಾಕೆ, ಅವನ ಫೋಟೊ ತೆಗೆದುಕೊಳ್ಳಬಹುದಿತ್ತು."

ಬೂತಾಯಿ

ಈ ಹಕ್ಕಿ ವಾಸನೆ ಹಿಡಿದು ಬರುತ್ತದೆ. ಅದಕ್ಕೆ ಹಳಸಿದ ಮೀನನ್ನು ಕೊಚ್ಚಿ ನೀರಿಗೆ ಚೆಲ್ಲಬೇಕು. ನಮ್ಮ ಅಲ್ ಹೈಲ್ ಮನೆಯ ಹತ್ತಿರ ಮೀನಿನಂಗಡಿ ಇಟ್ಟಿರುವ ಬ್ಯಾರಿ ಗೆಳೆಯರೊಬ್ಬರ ಬಳಿ ಹೋಗಿ, ಹಾಳಾದ ಬೂತಾಯಿ ಒಂದೈದು ಕಿಲೊ ಕೊಡಿ ಎಂದೆ. ಅವರ ಮುಖ ಕೆಂಪಾಯಿತು.

"ನನ್ನ ಅಂಗಡಿಯಲ್ಲಿ ಹಾಳಾದ ಮೀನು ಉಂಟು ಅಂತ ನಿಮಗೆ ಯಾರು ಹೇಳಿದ್ದು ಮಾರಾಯ್ರೆ?"

ತಿನ್ನುವುದು ನಾನಲ್ಲ, ಹಕ್ಕಿ ಎಂದು ಎಷ್ಟು ವಿವರಿಸಿದರೂ ಅವರ ಮನಸ್ಸು ಒಪ್ಪಲಿಲ್ಲ. ಕೊನೆಗೆ ಐಸಿನ ಪೆಟ್ಟಿಗೆಯೊಂದನ್ನು ಕಾರಿನೊಳಗೆ ಇಟ್ಟರು. ಮಿರ್ಬಾತಿನ ದಡದಲ್ಲಿ ದೋಣಿಯವನು ಮುಚ್ಚಳ ತೆಗೆದ. ಆ ದಿನ ಬೆಳಿಗ್ಗೆ ಹಿಡಿದಂತೆ ಹೊಳೆಯುವ ಬೂತಾಯಿ, ಎಲ್ಲವೂ ಹೊಟ್ಟೆ ತೆಗೆದು ತೊಳೆದದ್ದು. ಇದನ್ನು ಕಡಲಿಗೆ ಎಸೆಯುವುದು ಪಾಪ ಎಂದು ಅವನು ಅಲ್ಲೇ ಕೆಂಡ ಮಾಡಿ ಸುಡತೊಡಗಿದ. ಹಕ್ಕಿ ಬರಲಿಲ್ಲ. ಅವನ ಮೂವರು ಚಿಕ್ಕಪ್ಪಂದಿರು ಬಂದರು.

ಕೇಕಿನ ಮೇಲಿನ ಹಕ್ಕಿ

ಎರಡನೆಯ ಸಲ ಒಂದು ಫೋಟೊದಲ್ಲಿ, ಆಕಾಶದ ಮೂಲೆಯಲ್ಲಿ ಕಪ್ಪು ಚುಕ್ಕೆಯೊಂದು ಸಿಕ್ಕಿತು. ಹಕ್ಕಿಪ್ರಿಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ರೆಕ್ಕೆಯ ಬಾಗು ನೋಡಿದರೆ ಪೆಟ್ರೆಲ್ ಇರಬಹುದು ಎಂದರು ಒಬ್ಬರು. ಬಾಲ ನೋಡಿದರೆ ಅಲ್ಲ ಎಂದರು ಇನ್ನೊಬ್ಬರು. ಎರಡು ದಿನ ಚರ್ಚೆ ನಡೆದು ಒಬ್ಬರು ಗುಂಪನ್ನೇ ಬಿಟ್ಟುಹೋದರು. ಮೂರನೆಯ ದಿನ ಮಗಳು ನನ್ನ ಕ್ಯಾಮೆರಾದಲ್ಲಿ ತನ್ನ ಹುಟ್ಟುಹಬ್ಬದ ಫೋಟೊ ನೋಡುತ್ತ ಕೂಗಿದಳು: "ಪಪ್ಪಾ, ಯುವರ್ ಬರ್ಡ್ ಈಸ್ ಆನ್ ಮೈ ಕೇಕ್." ಹೌದು, ಅದೇ ಮೂಲೆ, ಅದೇ ಬಾಗು, ಅದೇ ಬಾಲ. ಕ್ಯಾಮೆರಾದೊಳಗಿನ ಧೂಳನ್ನು ಊದಿದೆ. ಹಕ್ಕಿ ಹಾರಿಹೋಯಿತು.

ಕೊನೆಯ ಸಲ

ವೀಸಾ ಮುಗಿಯಲು ಹತ್ತು ದಿನ ಉಳಿದಿತ್ತು. ಸೋತು ಊರಿಗೆ ಹೋಗುವ ಮನಸ್ಸು ನನಗಿರಲಿಲ್ಲ. ಹೆಂಡತಿ, ಎರಡು ದಿನ ಇಟ್ಟರೂ ಕೆಡುವುದಿಲ್ಲ ಎಂದು ಹುಳಿ-ಖಾರದ ಬಂಗುಡೆ ಮೀನಿನ ಪುಳಿಮುಂಚಿ ಕಟ್ಟಿಕೊಟ್ಟಳು. ರುಚಿ ನೋಡಿ ಎಂದಿನಂತೆ, "ಉಪ್ಪು ಹೆಚ್ಚಾಯಿತು" ಎಂದೆ. ಮದುವೆಯಾದಾಗಿನಿಂದ ನಾನು ಹೇಳುತ್ತ ಬಂದದ್ದು ಅದೊಂದೇ ಮಾತು. ಅವಳು ಡಬ್ಬಿ ಮುಚ್ಚಿ ಕೈಗಿಟ್ಟಳು.

ಹೊಟ್ಟೆ ಗಟ್ಟಿಯಿದ್ದರೆ ಕಡಲು ಏನೂ ಮಾಡದು ಎಂದು ಮಿರ್ಬಾತಿನಲ್ಲಿ ಬೆಳಿಗ್ಗೆಯೇ ಅದಷ್ಟನ್ನೂ ಅನ್ನದ ಜೊತೆ ಮುಗಿಸಿ ದೋಣಿ ಹತ್ತಿದೆ. ಮಧ್ಯಾಹ್ನವಾದರೂ ಹಕ್ಕಿಯ ಸುಳಿವಿಲ್ಲ. ಅಲೆ ಏಳತೊಡಗಿತು. ದೋಣಿಯವನು "ಖಲಾಸ್, ವಾಪಸ್ ಹೋಗೋಣ" ಎಂದ. ಇನ್ನು ಅರ್ಧ ಗಂಟೆ ಎಂದೆ. ಹಾಗೆ ಮೂರು ಸಲ ಎಂದೆ. ನಾಲ್ಕನೆಯ ಸಲ ಬಾಯಿ ತೆರೆದಾಗ ಮಾತಿನ ಬದಲು ಪುಳಿಮುಂಚಿ ಬಂತು.

ದೋಣಿಯ ಅಂಚಿಗೆ ಜೋತುಬಿದ್ದೆ. ಅವನು ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡ. ಪ್ರಾಣ ಹೋಗುತ್ತದೆ ಎನ್ನುವಾಗ ಅವನು "ಶೂಫ್, ಶೂಫ್, ನೋಡು" ಎಂದ. ನೋಡಿದರೆ ಕೈಯಳತೆಯಲ್ಲಿ ನನ್ನ ಹಕ್ಕಿ, ನಾನು ಕಡಲಿಗೆ ಕೊಟ್ಟದ್ದರ ಮೇಲೆಯೇ ಇಳಿಯುತ್ತಿದೆ. ಹೊಟ್ಟೆಯನ್ನು ಆಮೇಲೆ ವಿಚಾರಿಸಿಕೊಳ್ಳೋಣ ಎಂದು ಒಂದು ಕೈಯಲ್ಲಿ ಬಾಯಿ ಮುಚ್ಚಿ, ಇನ್ನೊಂದರಲ್ಲಿ ಕ್ಯಾಮೆರಾ ಒತ್ತಿದೆ. ಕಣ್ಣು, ಕೊಕ್ಕು, ಒಂದೊಂದು ಗರಿ ಸ್ಪಷ್ಟ. ಸಂತೋಷಕ್ಕೆ ಅತ್ತುಬಿಟ್ಟೆ.

ಅದನ್ನು ದೊಡ್ಡದಾಗಿ ಪ್ರಿಂಟು ಮಾಡಿಸಿ ಮನೆಯ ಹಜಾರದ ಗೋಡೆಗೆ ತೂಗುಹಾಕಿದೆ. ಬೀಳ್ಕೊಡಲು ಬಂದವರೆಲ್ಲ ಮೆಚ್ಚಿದರು. ಅವರು ಹೋದ ಮೇಲೆ ಹೆಂಡತಿ ಹತ್ತಿರ ಹೋಗಿ ನೋಡಿದಳು.

"ಅದು ಬಾಯಲ್ಲಿ ಎಂತ ಹಿಡ್ಕೊಂಡದ್ದು?"

ಸುಳ್ಳು ಹೇಳಲಾಗಲಿಲ್ಲ. "ನಿನ್ನ ಪುಳಿಮುಂಚಿ" ಎಂದು ನಡೆದದ್ದನ್ನೆಲ್ಲ ಹೇಳಿದೆ.

ಬೈಗುಳಕ್ಕೆ ಕಾದು ನಿಂತೆ. ಅವಳು ಸೆರಗಿನಿಂದ ಫೋಟೊದ ಗಾಜು ಒರೆಸಿ ಹೇಳಿದಳು: "ಪಾಪ, ಎಷ್ಟು ಒಳ್ಳೆ ಹಕ್ಕಿ. ಉಪ್ಪು ಹೆಚ್ಚಾಯ್ತು ಅಂತ ಒಂದು ಮಾತು ಹೇಳ್ಲಿಲ್ಲ ನೋಡಿ."